ರೇಸಿಗೆಂದು ಪೆಟ್ರೋಲ್ ನೆಕ್ ಬದಲಿಸುವವರೇ, ಪೈಪಿನ ಹಿಂಭಾಗ ನೋಡಿ

14,500 ರೂಪಾಯಿ ಕೊಟ್ಟು, ನನ್ನ ಮಗಳು ಕೂರುವ ಸೀಟಿನ ಮಗ್ಗುಲಲ್ಲೇ ಪೆಟ್ರೋಲ್ ಜಿನುಗುವ ಪೈಪ್ ಹಾಕಿಸಿಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಕಲಬುರಗಿ ರಿಂಗ್ ರಸ್ತೆಯ ಅದೇ ಗ್ಯಾರೇಜಿನಲ್ಲಿ ಮೊನ್ನೆ ಇನ್ನೊಂದು ಗಾಡಿ ಜಾಕಿಯ ಮೇಲೆ ನಿಂತಿತ್ತು, ಅದರ ಫಿಲ್ಲರ್ ನೆಕ್, ಅಂದರೆ ಮುಚ್ಚಳದಿಂದ ಟ್ಯಾಂಕಿಗೆ ಪೆಟ್ರೋಲ್ ಇಳಿಯುವ ಕೊಳವೆ, ಅದೂ ಬಿಚ್ಚಿತ್ತು. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನದು ಹಳೆಯ ಸ್ವಿಫ್ಟ್. ವಾರವೆಲ್ಲ ಶಾಲೆ, ಮಾರುಕಟ್ಟೆ, ಕೆಲಸ. ವರ್ಷಕ್ಕೊಮ್ಮೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕು. 1990ರಿಂದ ಇರುವ ಟ್ರ್ಯಾಕ್ ಅದು, ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರ್. ಅಲ್ಲಿ ಗಾಡಿ ಪೆಟ್ರೋಲ್ ಕುಡಿಯುವ ಪರಿ ಹೋದವರಿಗೇ ಗೊತ್ತು. ಕ್ಯಾನಿನಿಂದ ಮತ್ತೆ ಮತ್ತೆ ತುಂಬಬೇಕು. ಕಂಪನಿಯ ನೆಕ್ ಸಪೂರ, ಒಳಗೆ ಸ್ಪ್ರಿಂಗಿನ ಫ್ಲಾಪ್ ಎಂಬ ಪುಟ್ಟ ಬಾಗಿಲು ಬೇರೆ. ಹೋದ ವರ್ಷ ಆಲಿಕೆ ಇಟ್ಟು ಸುರಿಯುವಾಗ ಪೆಟ್ರೋಲ್ ಉಕ್ಕಿ ಮೊಣಕೈವರೆಗೆ ಚೆಲ್ಲಿತ್ತು. ಅದಕ್ಕೇ ಅಗಲವಾದ ನೆಕ್ ಮಾಡಿಸಲು ಹೊರಟೆ.

ಮಿಸ್ತ್ರಿಗೆ ಮೂರು ಮಾತು ಬಿಡಿಸಿ ಬಿಡಿಸಿ ಹೇಳಿದ್ದೆ. ಪೈಪ್ ಪೆಟ್ರೋಲಿನದೇ ಆಗಿರಬೇಕು. ಗಾಳಿ ಹೊರಗೆ ಬರುವ ಬ್ರೀದರ್ ಪೈಪನ್ನು ಮುಟ್ಟಬಾರದು. ಹಳೆಯ ನೆಕ್ ನನ್ನ ಕೈಗೆ ವಾಪಸ್ ಬರಬೇಕು. "ಚಿಂತೆ ಬಿಡಿ ಸಾಹೇಬರೇ, ಹೈದರಾಬಾದಿನಿಂದ ಇಂಪೋರ್ಟೆಡ್ ಪೈಪ್ ತರಿಸುತ್ತೇನೆ" ಎಂದ. ಮುಂಗಡ 8,000, ಉಳಿದದ್ದು ಗಾಡಿ ಬಿಡುವ ದಿನ. ಬಿಲ್ ಕೇಳಿದರೆ ಒಂದು ಚೀಟಿಯ ಮೇಲೆ "ನೆಕ್ ಕೆಲಸ" ಎಂದಷ್ಟೇ ಬರೆದುಕೊಟ್ಟ. ಆ ಚೀಟಿ ಹಿಡಿದುಕೊಂಡು ನಾನು ಮನೆಗೆ ಬಂದೆ.

ಎರಡನೆಯ ದಿನವೇ ಮಗಳು ಹಿಂದಿನ ಸೀಟಿನಿಂದ "ಅಪ್ಪಾ, ವಾಸನೆ" ಎಂದಳು. ಫೋನ್ ಮಾಡಿದೆ. "ಹೊಸ ರಬ್ಬರಿನ ವಾಸನೆ ಸಾಹೇಬರೇ, ನಾಲ್ಕು ದಿನ ಇರುತ್ತದೆ." ನಂಬಿದೆ. ಬಂಕಿನಲ್ಲಿ ಎರಡು ಲೀಟರ್ ಹೋಗುವಷ್ಟರಲ್ಲಿ ನಾಜಲ್ ಟಕ್ಕೆಂದು ನಿಲ್ಲುತ್ತಿತ್ತು, ಮತ್ತೆ ಒತ್ತಿದರೆ ಮತ್ತೆ ನಿಲ್ಲುತ್ತಿತ್ತು. ತುಂಬುವ ಹುಡುಗ ಬೇಸತ್ತು, "ನಿಮ್ಮ ಟ್ಯಾಂಕಿನಲ್ಲಿ ಗಾಳಿ ಕಟ್ಟಿದೆ, ತೋರಿಸಿ" ಎಂದ. ಮತ್ತೆ ಫೋನ್. "ಬಂಕಿನವರ ಮಷಿನ್ ಸರಿ ಇಲ್ಲ." ಅದನ್ನೂ ನಂಬಿದೆ. ಬಂಕಿನ ಹುಡುಗನಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ. ಹೀಗೆ ಐದು ವಾರ, ದಿನಕ್ಕೆರಡು ಸಲ ಮಗಳನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಓಡಾಡಿದ್ದೇನೆ.

ಆಮೇಲೆ ರಾಯಚೂರು, ಕರ್ನೂಲು, ಕಡಪ ದಾರಿ ಹಿಡಿದು ರಾತ್ರಿಯಿಡೀ ಗಾಡಿ ಓಡಿಸಿ ಟ್ರ್ಯಾಕ್ ತಲುಪಿದೆವು, ನಾನು ಮತ್ತು ನನ್ನ ತಮ್ಮ. ಬೆಳಿಗ್ಗೆ ತಪಾಸಣೆಯ ಸಾಲು. ಪರೀಕ್ಷಕರು ವಯಸ್ಸಾದವರು, ಬಾನೆಟ್ ನೋಡಿದರು, ಟೈರ್ ನೋಡಿದರು, ಹಿಂದಿನ ಚಕ್ರದ ಹತ್ತಿರ ಬಂದು ಮೂಗು ಏರಿಸಿದರು. ಚಕ್ರ ಬಿಚ್ಚಿಸಿದರು. ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಹೆಬ್ಬೆರಳಿನಿಂದ ಪೈಪ್ ಒತ್ತಿದರು. ಉಗುರಿನ ಗುರುತು ಹಾಗೇ ಉಳಿಯಿತು, ಕಣಕದ ಮೇಲೆ ಉಳಿಯುವಂತೆ. ಕ್ಲ್ಯಾಂಪಿನ ಎರಡೂ ಕಡೆ ರಬ್ಬರ್ ಊದಿಕೊಂಡಿತ್ತು, ಕೆಳಗೆ ತೇವ. ಜೇಬಿನಿಂದ ಒಂದು ಸಣ್ಣ ಕನ್ನಡಿ ತೆಗೆದು ಪೈಪಿನ ಹಿಂದೆ ಹಿಡಿದರು. ನನ್ನನ್ನು ಬಗ್ಗಿ ನೋಡಲು ಹೇಳಿದರು.

ಕನ್ನಡಿಯಲ್ಲಿ ಬಿಳಿ ಅಕ್ಷರ ತಲೆಕೆಳಗಾಗಿ ಕಾಣುತ್ತಿತ್ತು. ಕೂಲೆಂಟ್ ಹೋಸ್, ಇಪಿಡಿಎಂ. ಎಂಜಿನ್ ತಂಪು ಮಾಡುವ ನೀರು ಹರಿಯುವ ರೇಡಿಯೇಟರ್ ಪೈಪ್!

ಅಕ್ಷರವಿರುವ ಮಗ್ಗುಲನ್ನು ಮಿಸ್ತ್ರಿ ಗಾಡಿಯ ಒಳಮೈಗೆ ತಿರುಗಿಸಿ ಕೂರಿಸಿದ್ದ. ಅದು ಕೈತಪ್ಪಿ ಆದ ಕೆಲಸವಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ತಿರುಗಿಸಿದ್ದ. ಬೇರೆಲ್ಲವನ್ನೂ ಮರೆತೇನು, ಆ ತಿರುಗಿಸಿದ್ದನ್ನು ಮರೆಯಲಾರೆ.

ಇಪಿಡಿಎಂ ರಬ್ಬರ್ ಬಿಸಿನೀರು, ಕೂಲೆಂಟ್ ಎರಡನ್ನೂ ವರ್ಷಗಟ್ಟಲೆ ತಡೆಯುತ್ತದೆ. ಪೆಟ್ರೋಲ್ ತಾಗಿದರೆ ಊದಿ ಮೆತ್ತಗಾಗುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಹಾರಿಹೋಗುವುದಿಲ್ಲ, ಗಾಡಿಯ ಕೆಳಗೆ, ಒಳಗೆ ಕೂತುಕೊಳ್ಳುತ್ತದೆ. ಒಂದು ಕಿಡಿ ಸಾಕು. ಬ್ರೀದರ್ ಪೈಪನ್ನು ಕತ್ತರಿಸಿ ಒಂದು ಬೋಲ್ಟ್ ತುರುಕಿ ಕ್ಲ್ಯಾಂಪ್ ಬಿಗಿದಿದ್ದ. ಬಂಕಿನಲ್ಲಿ ನಾಜಲ್ ನಿಲ್ಲುತ್ತಿದ್ದುದು ಅದಕ್ಕೇ. ಒಳಗಿನ ಫ್ಲಾಪ್ ಇರಲೇ ಇಲ್ಲ. ತುಂಬಿದ ಟ್ಯಾಂಕಿನೊಡನೆ ವೇಗವಾಗಿ ತಿರುವು ತೆಗೆದುಕೊಂಡರೆ ಪೆಟ್ರೋಲ್ ನೆಕ್ಕಿನೊಳಗೆ ನುಗ್ಗುತ್ತದೆ, ಅದನ್ನು ತಡೆಯಲು ಮೇಲಿನ ಮುಚ್ಚಳ ಒಂದೇ. ಗಾಡಿ ಮಗುಚಿದರೆ ಏನಾಗುತ್ತಿತ್ತೆಂದು ಪರೀಕ್ಷಕರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೈಯಲೂ ಇಲ್ಲ ಅವರು. "ಮನೆಯಲ್ಲಿ ಮಕ್ಕಳಿದ್ದಾರೆಯೇ?" ಎಂದು ಹಿಂದಿಯಲ್ಲಿ ಕೇಳಿ ಹಾಳೆಯ ಮೇಲೆ ಗೀಟು ಎಳೆದರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ನನ್ನ ತಮ್ಮ ಹೊಸ ಹೆಲ್ಮೆಟ್ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದ. ಕಟ್ಟಿದ ಶುಲ್ಕ ಹೋಯಿತು. ಗಾಡಿ ಲಾರಿಯ ಮೇಲೆ ಕಲಬುರಗಿಗೆ ಬಂತು, ಅದರ ಖರ್ಚು ಬೇರೆ.

ಇನ್ನು ಮಿಸ್ತ್ರಿಯ ಉತ್ತರಗಳು. ಮೊದಲು, "ಪೈಪ್ ಪೈಪೇ ಸಾಹೇಬರೇ, ನೀರು ಹೋದರೇನು, ಪೆಟ್ರೋಲ್ ಹೋದರೇನು?" ಇಂಪೋರ್ಟೆಡ್ ಎಂದಿದ್ದೆಯಲ್ಲ ಎಂದರೆ, "ಅದೂ ಹೈದರಾಬಾದಿನಿಂದಲೇ ಬಂದದ್ದು." ಬ್ರೀದರ್ ಯಾಕೆ ಮುಚ್ಚಿದೆ ಎಂದರೆ, "ರೇಸಿನ ಗಾಡಿಗೆ ಅದು ಬೇಡ." ಅಕ್ಷರ ಯಾಕೆ ಒಳಗೆ ತಿರುಗಿಸಿದೆ ಎಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಚಂದ ಕಾಣಲಿ ಎಂದು." ಚಂದ ಕಾಣಲಿ ಎಂದು! ಮಡ್‌ಗಾರ್ಡಿನ ಒಳಗೆ! ಕೊನೆಗೆ ಹಳೆಯ ನೆಕ್ ಕೊಡು ಎಂದೆ. "ಅದು ಗುಜರಿಗೆ ಹೋಯಿತು." ವಾಟ್ಸಾಪಿನಲ್ಲಿ ಕಳಿಸಿದ್ದ ಧ್ವನಿ ಸಂದೇಶಗಳನ್ನು ಮರುದಿನ ಒಂದೊಂದಾಗಿ ಅಳಿಸಿಹಾಕಿದ. ಹಣದ ಮಾತೆತ್ತಿದರೆ ಈಗ ಫೋನ್ ಎತ್ತುವುದಿಲ್ಲ.

ವಿಮೆಯ ಏಜೆಂಟರನ್ನು ಕೇಳಿದಾಗ ಇನ್ನೊಂದು ಪೆಟ್ಟು ಬಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ರಸ್ತೆಯಲ್ಲಿ ಓಡುವ ಗಾಡಿಯನ್ನು ಕಂಪನಿ ಮಾಡಿದ್ದಕ್ಕಿಂತ ಭಿನ್ನವಾಗಿ ಬದಲಿಸುವಂತಿಲ್ಲ. ಬೆಂಕಿ ಬಿದ್ದಿದ್ದರೆ ಪರಿಹಾರ ಕೇಳುವ ಬಾಯಿಯೂ ಇರುತ್ತಿರಲಿಲ್ಲ. ಹಾಗಾಗಿ ಶಾಲೆಗೂ ಓಡುವ ಗಾಡಿಯಾದರೆ ನೆಕ್ ತಂಟೆಗೇ ಹೋಗಬೇಡಿ, ಆಲಿಕೆಯೇ ವಾಸಿ. ಟ್ರ್ಯಾಕಿಗೆಂದೇ ಇಟ್ಟ ಗಾಡಿಯಾದರೆ ಪೈಪನ್ನು ನೀವೇ ಅಂಗಡಿಯಿಂದ ತಂದುಕೊಡಿ, ಜೋಡಿಸುವಾಗ ಪಕ್ಕದಲ್ಲಿ ನಿಲ್ಲಿ, ಹಳೆಯ ನೆಕ್ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವಾಸನೆ ಬಂದರೆ ವಾಸನೆಯನ್ನು ನಂಬಿ, ಮಿಸ್ತ್ರಿಯನ್ನಲ್ಲ.

ಹೊಸ ನೆಕ್ಕಿಗೆ ಶೋರೂಮಿನಲ್ಲಿ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಮಗಳು ಆಟೋದಲ್ಲಿ ಶಾಲೆಗೆ ಹೋಗುತ್ತಿದ್ದಾಳೆ. ಮೊನ್ನೆ ಜಾಕಿಯ ಮೇಲೆ ಕಂಡದ್ದು ಕೆಎ 38 ನೋಂದಣಿಯ ಗಾಡಿ, ಬೀದರಿನದು. ಮಾಲೀಕ ಅಲ್ಲಿರಲಿಲ್ಲ. ಅವರು ಇದನ್ನು ಓದಿದರೆ ದಯವಿಟ್ಟು ಇವತ್ತೇ ಹಿಂದಿನ ಚಕ್ರ ಬಿಚ್ಚಿಸಿ, ಒಂದು ಕನ್ನಡಿ ಹಿಡಿದು ಪೈಪಿನ ಹಿಂದೆ ಏನು ಬರೆದಿದೆ ಎಂದು ಓದಲಿ.