ಕಲ್ಲು ಕೂಡ್ಸಿದ ಹಳೇ ಪೆಟ್ಟಿಗಿ: ಆಗ್ರಾದ್ದೋ, ಫ್ಲಾರೆನ್ಸ್‌ದೋ?

ಆಗ್ರಾ ಡಬ್ಬಿ ಅಂದ್ರ ಬಿಳಿ ಅಮೃತಶಿಲೆ ಕೊರದು ಅದರಾಗ ಕೆಂಪು ಅಕೀಕು, ನೀಲಿ ಲಾಜವರ್ದ, ಹಸಿರು ಮ್ಯಾಲಕೈಟ್ ಇಂಥಾ ಬಣ್ಣದ ಕಲ್ಲು ಕೂಡ್ಸಿರ್ತಾರ, ತಾಜ್‌ಮಹಲ್ ಗ್ವಾಡಿ ಮ್ಯಾಲ ಇರೋ ಪರ್ಚಿನ್‌ಕಾರಿ ಕೆಲಸಾನೇ ಅದು. ಇಟಲಿಯ ಫ್ಲಾರೆನ್ಸ್‌ದು ಬ್ಯಾರೆ, ಕರೀ ಎಬೊನಿ ಕಟ್ಟಿಗಿ ಪೆಟ್ಟಿಗಿಗೆ ಕಲ್ಲಿನ ಚಿತ್ರದ ಹಲಗಿ ಕೂಡ್ಸಿದ್ದು, 1588ರಾಗ ಮೆಡಿಚಿ ಮನೆತನದ ದೊರಿ ಈ ಕೆಲಸಕ್ಕಂತಾನೇ ಅಲ್ಲಿ ಕಾರ್ಖಾನೆ ತೆಗದಿದ್ದ.

ಚಂದ ಕೇಳಿದ್ರ ಫ್ಲಾರೆನ್ಸ್‌ದೇ, ಸುಳ್ಳ್ಯಾಕ ಹೇಳ್ಲಿ, ಬಣ್ಣ ಹಚ್ಚದೇ ಬರೇ ಕಲ್ಲಿನ ಛಾಯದಾಗ ಹಕ್ಕಿ ರೆಕ್ಕಿ, ಹಣ್ಣಿನ ನೆರಳು ಎಲ್ಲಾ ತೆಗಿತಾರ. ಆದ್ರ ನಮ್ಮ ರಾಯಚೂರು ಬಿಸಲಿಗೆ ಹಳೇ ಕಟ್ಟಿಗಿ ಒಣಗಿ ಸೀಳ್ತದ, ಅಂಟು ಬಿಡ್ತದ, ಹಗಲೆಲ್ಲಾ ಸೆಕಿ ರಾತ್ರಿ ಎಸಿ ಅಂದ್ರ ಇನ್ನೂ ಫಜೀತಿ. ಆಗ್ರಾದ್ದಕ್ಕ ಆ ಚಿಂತಿ ಕಮ್ಮಿ, ಆದ್ರ ಲಿಂಬಿರಸ ಬಿದ್ರ ಪಾಲಿಶ್ ಹೋಗ್ತದ, ಅದರಾಗ ಅರಿಶಿಣ-ಕುಂಕುಮ ಇಡಬ್ಯಾಡ್ರಿ, ಕಲಿ ಹಿಡಿತದ (ನಮ್ಮ ವೈನಿ ಇಟ್ಟು ನೋಡ್ಯಾರ).

ಮೋಸಾನೂ ಆಗ್ರಾದ್ರಾಗೇ ಜಾಸ್ತಿ. ಬಳಪದ ಕಲ್ಲನ್ನ ಅಮೃತಶಿಲೆ ಅಂತ ಕೊಡ್ತಾರ, ತಳದಾಗ ಉಗುರಲೇ ಗೀರ್ರಿ, ಗೆರಿ ಬಿದ್ರ ಎದ್ದು ಬರ್ರಿ. ಮೊಬೈಲ್ ಟಾರ್ಚ್ ಹಿಡದ್ರ ಒಳ್ಳೇ ಅಕೀಕು ಕೆಂಡದಂಗ ಹೊಳಿತದ, ಬಣ್ಣ ಹಚ್ಚಿದ್ದು ಸತ್ತಂಗ ಕಾಣ್ತದ.

ಅಮೆರಿಕಾದಾಗಿರೋ ಮಗಳಿಗೆ ಕಳಸೋ ವಿಚಾರ ಇದ್ರ ಇದೊಂದು ನೆನಪಿಡ್ರಿ, 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥಾ ಸಾಮಾನು ನಾವು ನೀವು ದೇಶದ ಹೊರಗ ಒಯ್ಯಂಗಿಲ್ಲ. ಮನ್ಯಾಗ ಇಟ್ಗೊಳೋದಾದ್ರ ನಾನಂತೂ ಆಗ್ರಾದ್ದೇ ತಗೊಂತೀನಿ, ಅಂಚು ಸ್ವಲ್ಪ ಮುಕ್ಕಾಗಿದ್ರೂ ನಡಿತದ.