ಪ್ಲಾಸ್ಟಿಕ್ ಸೆಂಟ್ರಿಂಗ್: 42 ಸಲ ಬಳಸಿದ ಮೇಲೆ

ನವನಗರದಲ್ಲಿ ನಾನು ಕಟ್ಟುತ್ತಿರುವ ಏಳನೆಯ ಮನೆಯ ಕೊನೆಯ ನಾಲ್ಕು ಕಂಬಗಳಿಗೆ ಕಳೆದ ವಾರ ಕಾಂಕ್ರೀಟು ಹಾಕಿದೆವು. ಒಂದೂವರೆ ವರ್ಷದ ಹಿಂದೆ ಕೊಂಡ ಪ್ಲಾಸ್ಟಿಕ್ ಸೆಂಟ್ರಿಂಗನ್ನು, ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಹಿಡಿದಿಡುವ ಅಚ್ಚನ್ನು, ಅಲ್ಲಿಗೆ 42 ಸಲ ಕಟ್ಟಿ ಬಿಚ್ಚಿದಂತಾಯಿತು. ಹುಬ್ಬಳ್ಳಿ, ಧಾರವಾಡದ ಸಣ್ಣ ಗುತ್ತಿಗೆದಾರರು ಇದನ್ನು ಕೊಳ್ಳಬಹುದೇ ಎಂದು ಕೇಳುತ್ತಲೇ ಇರುತ್ತಾರೆ. ಕಂಬಕ್ಕಾದರೆ ಕೊಳ್ಳಿ ಎನ್ನುತ್ತೇನೆ. ಆದರೆ ಮೊದಲು ನಿಮ್ಮ ಕೆಲಸದ ಲೆಕ್ಕ ಹಾಕಿ ನೋಡಿ.

ನಾನು ಕೊಂಡದ್ದು ನಾಲ್ಕು ಕಂಬಕ್ಕೆ ಆಗುವಷ್ಟು: 75 ಸೆಂಟಿಮೀಟರ್ ಎತ್ತರದ 64 ಫಲಕಗಳು, ಅವುಗಳನ್ನು ಒಂದಕ್ಕೊಂದು ಬಿಗಿಯಲು ನೈಲಾನ್ ಚಾವಿಗಳು. ಚಾವಿಯನ್ನು ರಂಧ್ರಕ್ಕೆ ತೂರಿಸಿ ಕಾಲು ಸುತ್ತು ತಿರುಗಿಸಿದರೆ ಮುಗಿಯಿತು, ಮೊಳೆಯ ಹಂಗಿಲ್ಲ. ಮೊದಲ ದಿನ ನಮ್ಮ ಬಡಿಗರು ಫಲಕವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಸಾಹೇಬರೇ, ಇಷ್ಟು ಹಗುರ ಇದೆ, ಖಡಿಯ ಭಾರ ತಡೆಯುತ್ತದೆಯೇ?" ಎಂದು ಕೇಳಿದ್ದರು. ಈಗ ಕಂಬಕ್ಕೆ ಉಕ್ಕಿನ ತಗಡಿನ ಸೆಂಟ್ರಿಂಗ್ ತರಿಸುತ್ತೇನೆಂದರೆ ಅವರೇ ಬೇಡವೆನ್ನುತ್ತಾರೆ.

ಬೆಲೆ ಚದರ ಅಡಿಗೆ ಪ್ಲೈವುಡ್ಡಿನ ನಾಲ್ಕು ಪಟ್ಟು ಬಿದ್ದಿತು. ನನ್ನ ಕೆಲಸದಲ್ಲಿ 12 ಎಂಎಂ ಪ್ಲೈವುಡ್ ಎಂಟು ಸಲಕ್ಕೆ ಸಾಕಾಗುತ್ತದೆ. ಆಮೇಲೆ ಅಂಚು ಉಬ್ಬಿ ಪದರ ಬಿಡುತ್ತದೆ, ಮೊಳೆ ಕಿತ್ತ ಕಡೆಯಲ್ಲೆಲ್ಲ ಸಿಮೆಂಟಿನ ಹಾಲು ಸೋರುತ್ತದೆ. ಎಂಟು ನಾಲ್ಕಲೆ 32. ಅಷ್ಟು ಸಲ ಬಳಸಿದರೆ ಹಾಕಿದ ಹಣ ಹುಟ್ಟುತ್ತದೆ, ಅದರಾಚೆಗಿನದು ಉಳಿತಾಯ. ನಮ್ಮ ಮನೆಗಳಲ್ಲಿ ಮಹಡಿಗೆ 12 ಕಂಬ. ನಾಲ್ಕು ನಾಲ್ಕರಂತೆ ಮಹಡಿಗೆ ಮೂರು ಸಲ, ಎರಡು ಮಹಡಿಯ ಮನೆಗೆ ಆರು ಸಲ. ಆರನೆಯ ಮನೆಯ ನೆಲಮಹಡಿಯಲ್ಲಿ ನನ್ನ ಹಣ ಕೈಗೆ ಬಂತು. ವರ್ಷಕ್ಕೆ ಒಂದೇ ಮನೆ ಕಟ್ಟುವವರು ಐದು ವರ್ಷಕ್ಕಿಂತ ಹೆಚ್ಚು ಕಾಯಬೇಕಾಗುತ್ತದೆ. ಅವರು ಬಾಡಿಗೆಗೆ ತರುವುದೇ ಸರಿ.

ಮಾರುವವರು ಹೇಳದೆ ಬಿಟ್ಟ ಸಂಗತಿಯೊಂದಿದೆ, ಅದು ಅಳತೆಯದು. ನನ್ನ ಫಲಕಗಳಲ್ಲಿ ರಂಧ್ರಗಳು 50 ಎಂಎಂಗೆ ಒಂದರಂತೆ ಇವೆ. ಕಂಬದ ಅಗಲ 200 ಮಾಡಬಹುದು, 250 ಮಾಡಬಹುದು, 230 ಆಗುವುದಿಲ್ಲ. ನಮ್ಮ ಕಡೆ ಕಂಬವೂ ಗೋಡೆಯೂ ಒಂಬತ್ತಿಂಚು, ಅಂದರೆ 230. ವಿನ್ಯಾಸ ಮಾಡಿದ ಎಂಜಿನಿಯರರ ಒಪ್ಪಿಗೆ ಪಡೆದು 250ಕ್ಕೆ ಏರಿಸಿದೆವು. ಇನ್ನೊಂದು ಬದಿ 450 ಎಂಎಂ ಇರುವ, ಹತ್ತಡಿ ಎತ್ತರದ 12 ಕಂಬಗಳಿಗೆ ಮಹಡಿಯೊಂದಕ್ಕೆ ಸುಮಾರು 0.32 ಘನ ಮೀಟರ್ ಕಾಂಕ್ರೀಟು ಹೆಚ್ಚು ಹಿಡಿಯಿತು. ಕಂಬ ಗೋಡೆಯಿಂದ ಎರಡೂ ಕಡೆ 10 ಎಂಎಂ ಹೊರಬಂದದ್ದರಿಂದ ಒಳಗಿನ ಗಿಲಾವನ್ನೂ ದಪ್ಪ ಮಾಡಬೇಕಾಯಿತು. ಈ ಖರ್ಚನ್ನು ಉಳಿತಾಯದಲ್ಲಿ ಕಳೆಯಲೇಬೇಕು. 230ರ ಅಳತೆಗೇ ತಯಾರಿಸಿದ ಫಲಕಗಳೂ ಸಿಗುತ್ತವೆ, ಕೇಳಿ ಅವನ್ನೇ ಕೊಳ್ಳಿ.

ಎರಡನೆಯ ಮನೆಯಲ್ಲಿ ಒಂದು ಪೆಟ್ಟು ತಿಂದೆ. ಮೋಡ ಕವಿದಿತ್ತು, ಮಳೆಗೆ ಮೊದಲು ಮುಗಿಸೋಣವೆಂದು ಹತ್ತಡಿ ಕಂಬವನ್ನು ಒಂದೇ ಸಲಕ್ಕೆ ತುಂಬಿಸಿದೆ. ಹಸಿ ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕಿಲೋ ತೂಗುತ್ತದೆ. ಮೂರು ಮೀಟರ್ ಒಮ್ಮೆಗೇ ನಿಂತರೆ ಬುಡದಲ್ಲಿ ಚದರ ಮೀಟರಿಗೆ ಏಳು ಟನ್ನಿನ ಒತ್ತಡ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಇಳಿಸುತ್ತಿದ್ದಂತೆ ಕೆಳಸಾಲಿನ ಎರಡು ಚಾವಿಗಳು ಪಟಪಟನೆ ಮುರಿದವು. ಮೂಲೆ ಅರ್ಧ ಇಂಚು ಬಾಯಿ ಬಿಟ್ಟು ಬೂದುಬಣ್ಣದ ಹಾಲು ನನ್ನ ಚಪ್ಪಲಿಯ ಮೇಲೆ ಹರಿಯಿತು. ಜಾಕ್ ಅಡ್ಡಕೊಟ್ಟು ಉಳಿಸಿಕೊಂಡೆವು, ಉಬ್ಬನ್ನು ಮರುದಿನ ಉಳಿಯಿಂದ ಕೆತ್ತಿದೆವು. ಅಂದಿನಿಂದ ಮೂರಡಿ ತುಂಬಿಸಿ, ಮುಂದಿನ ಕಂಬಕ್ಕೆ ಹೋಗಿ, ಸರದಿಯಂತೆ ಮರಳಿ ಬರುತ್ತೇವೆ. ಮುರಿದ ಚಾವಿಗಳ ಬದಲಿ ತರಿಸಲು ವಿತರಕರು 19 ದಿನ ತೆಗೆದುಕೊಂಡರು, ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಕೊಳ್ಳುವಾಗಲೇ 20 ಚಾವಿ ಹೆಚ್ಚಿಗೆ ತೆಗೆದುಕೊಳ್ಳಿ.

ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹಿಗ್ಗುತ್ತದೆ. ಬಿಸಿಲು ಬಿದ್ದ ಫಲಕ ನೆರಳಿನ ಫಲಕಕ್ಕಿಂತ ಒಂದೆರಡು ಎಂಎಂ ಉದ್ದವಾಗಿ, ರಂಧ್ರಕ್ಕೆ ರಂಧ್ರ ಕೂಡುವುದಿಲ್ಲ. ಬೆಳಗ್ಗೆ ಎಂಟರೊಳಗೆ ಕಟ್ಟಿಬಿಡಿ. ಪೇರಿಸುವಾಗ ನೆರಳಿನಲ್ಲಿ, ಸಮತಟ್ಟಾಗಿ ಇಡಿ. ಗೋಡೆಗೆ ಒರಗಿಸಿಟ್ಟ ನಾಲ್ಕು ಫಲಕಗಳು ನನ್ನಲ್ಲಿ ಬಾಗಿವೆ.

ಬಿಚ್ಚಿದ ಕಂಬ ಕನ್ನಡಿಯಂತೆ ನುಣುಪಾಗಿರುತ್ತದೆ. ಮಾಲೀಕರು ಕೈಯಾಡಿಸಿ ಸಂತೋಷಪಡುತ್ತಾರೆ, ಆದರೆ ಆ ನುಣುಪಿಗೆ ಗಿಲಾವು ಹಿಡಿಯುವುದಿಲ್ಲ. ಬಿಚ್ಚಿದ ದಿನವೇ, ಇನ್ನೂ ಹಸಿಯಿರುವಾಗ, ಒತ್ತೊತ್ತಾಗಿ ಕಚ್ಚು ಹೊಡೆಸಬೇಕು. ಅದಕ್ಕೆ ಅರ್ಧ ಆಳಿನ ಕೂಲಿ ಸೇರಿಸಿಕೊಳ್ಳಿ.

ತಳಪಾಯದ ಕೆಲಸದಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ. ನಮ್ಮ ಎರೆಮಣ್ಣಿನ ಗುಂಡಿಯಲ್ಲಿ ನೀರು ನಿಂತರೆ ಪ್ಲೈವುಡ್ ಎರಡೇ ಸಲಕ್ಕೆ ಹಾಳಾಗುತ್ತದೆ. ಈ ಫಲಕಕ್ಕೆ ಮೆತ್ತಿದ ಕರಿಮಣ್ಣು ಪೈಪಿನ ನೀರಿಗೆ ಜಾರಿ ಹೋಗುತ್ತದೆ, ಅಂಚು ಹಾಗೆಯೇ ಇರುತ್ತದೆ.

ಸ್ಲ್ಯಾಬಿಗೆ ನಾನು ಈಗಲೂ ತಗಡನ್ನೇ ಬಾಡಿಗೆಗೆ ತರುತ್ತೇನೆ. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ ಕಂಬದ ಬದಿಗಳನ್ನು 16ರಿಂದ 24 ಗಂಟೆಗಳಲ್ಲಿ ಬಿಚ್ಚಬಹುದು, ಹೀಗಾಗಿ ಅದೇ ಫಲಕ ಮರುದಿನ ಇನ್ನೊಂದು ಕಂಬಕ್ಕೆ ಸಿಗುತ್ತದೆ. ಸ್ಲ್ಯಾಬಿನ ಹರವು 4.5 ಮೀಟರ್‌ವರೆಗೆ ಇದ್ದರೆ ಅದರ ಆಸರೆಗಳು 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಕದಲಬಾರದು. ಒಂದೂವರೆ ವರ್ಷದಲ್ಲಿ ನಾನು ಹಾಕಿದ್ದು 14 ಸ್ಲ್ಯಾಬು. ಅದೇ ಲೆಕ್ಕದಲ್ಲಿ 32 ಮುಟ್ಟಲು ಮೂರೂವರೆ ವರ್ಷ ಬೇಕು, ಅಷ್ಟು ಹಣವನ್ನು ಅಷ್ಟು ದಿನ ಕಟ್ಟಿಹಾಕುವ ಶಕ್ತಿ ನನಗಿಲ್ಲ.