ಫೋಮ್, ಕೌದಿ, ರಾಕ್‌ವೂಲ್: ಒಂದೇ ಕೋಣೆಯಲ್ಲಿ ಮೂರರ ಹೋಲಿಕೆ

ಧಾರವಾಡದ ನಮ್ಮ ಮನೆಯ ಮೇಲಂತಸ್ತಿನಲ್ಲಿ ಸಂಗೀತ ಕೇಳುವುದಕ್ಕೆಂದೇ ಇರಿಸಿಕೊಂಡಿರುವ ಕೋಣೆ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರವಿದೆ. ಗಿಲಾವು ಮಾಡಿದ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ, ವಿಟ್ರಿಫೈಡ್ ಟೈಲ್ಸ್ ಹಾಸಿದ ನೆಲ. ಮೃದುವಾದದ್ದು ಒಂದೂ ಇರಲಿಲ್ಲ. ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಎರಡು ಗೋಡೆಗಳ ನಡುವೆ ಝಣಝಣಿಸುತ್ತ ಓಡಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಖಯಾಲ್ ಗಾಯನದಲ್ಲಿ ಬಂದಿಶಿನ, ಅಂದರೆ ಹಾಡಿನ ಸಾಹಿತ್ಯದ, ವ್ಯಂಜನಗಳು ಅಳಿಸಿಹೋಗುತ್ತಿದ್ದವು, ತಬಲಾ ಜೋಡಿಯಲ್ಲಿ ಮಂದ್ರದ ನಾದ ಕೊಡುವ ಡಗ್ಗಾ ಒಂದೊಂದು ಸ್ವರದಲ್ಲಿ ಮಾತ್ರ ಉಬ್ಬಿಕೊಂಡು ಉಳಿದ ಕಡೆ ಬಡವಾಗುತ್ತಿತ್ತು. ಸ್ಪೀಕರ್ ಬದಲಿಸುವ ಯೋಚನೆಯನ್ನು ಬಿಟ್ಟು ಕೋಣೆಯನ್ನೇ ಸರಿಪಡಿಸಬೇಕೆಂದು ನಿರ್ಧರಿಸಿ, ಮೂರು ವಿಧಾನಗಳನ್ನು ಒಂದೊಂದು ತಿಂಗಳು ಬಳಸಿದೆ. ಪ್ರತಿ ಸಲವೂ ಕುಳಿತಾಗ ಕಿವಿ ಇರುವ ಎತ್ತರದಲ್ಲಿ ಅಳತೆಯ ಮೈಕ್ ನಿಲ್ಲಿಸಿ, ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಫಲಿತಾಂಶವನ್ನು ದಾಖಲಿಸಿಕೊಂಡೆ.

ಹಣ ಖರ್ಚು ಮಾಡುವ ಮುನ್ನ ಮಾಡಿದ ಕೆಲಸವೊಂದನ್ನು ಇಲ್ಲಿ ಹೇಳಲೇಬೇಕು. ನನ್ನ ಕುರ್ಚಿ ಹಿಂದಿನ ಗೋಡೆಗೆ ಆತುಕೊಂಡಿತ್ತು. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂದು ಹಿಡಿದರೆ, 14 ಅಡಿ, ಅಂದರೆ 4.27 ಮೀಟರ್ ಅಂತರದ ಎರಡು ಗೋಡೆಗಳ ನಡುವೆ ಸುಮಾರು 40 ಹರ್ಟ್ಜ್‌ನಲ್ಲಿ ಒಂದು ಸ್ಥಾಯಿ ತರಂಗವೂ (ಗೋಡೆಗಳ ನಡುವೆ ಹೋಗಿಬರುತ್ತ ಒಂದೇ ಕಡೆ ನೆಲೆನಿಂತಂತಿರುವ ಅಲೆ) ಅದರ ಇಮ್ಮಡಿಯಾದ 80 ಹರ್ಟ್ಜ್‌ನಲ್ಲಿ ಇನ್ನೊಂದೂ ಏಳುತ್ತವೆ, ಮತ್ತು ಎರಡರ ಒತ್ತಡವೂ ಗೋಡೆಯ ಬಳಿಯೇ ಅತಿ ಹೆಚ್ಚು. ಕುರ್ಚಿಯನ್ನು ಐದೂಕಾಲು ಅಡಿ ಮುಂದಕ್ಕೆ ತಂದೊಡನೆ 40ರ ಉಬ್ಬು ಬಹಳ ಮಟ್ಟಿಗೆ ಇಳಿಯಿತು. 80ರದು ಸ್ವಲ್ಪವೇ ತಗ್ಗಿತು. ಮುಂದಿನ ಹೋಲಿಕೆಯೆಲ್ಲ ಈ ಹೊಸ ಸ್ಥಾನದಲ್ಲಿ ಕುಳಿತು ಮಾಡಿದ್ದು.

ಮೊದಲು ತರಿಸಿದ್ದು ಎರಡು ಅಂಗುಲ ದಪ್ಪದ, ಏಣು ಏಣಾಗಿ ಕತ್ತರಿಸಿದ ಫೋಮ್. ಒಂದು ಚದರ ಅಡಿಯ 48 ತುಂಡುಗಳಿಗೆ ಸುಮಾರು 6,000 ರೂಪಾಯಿ ತಗುಲಿತು. ಅಂಟಿಸಿದ ದಿನವೇ ಚಪ್ಪಾಳೆಯ ಝಣಝಣ ನಿಂತದ್ದು ನಿಜ, ಆದರೆ ವಾರ ಕಳೆಯುವಷ್ಟರಲ್ಲಿ ತಂಬೂರಿಯ ಜವಾರಿಯ, ಅಂದರೆ ತಂತಿಗಳ ಝೇಂಕಾರದ, ಹೊಳಪು ಮಂಕಾಗಿರುವುದು ಮನಸ್ಸನ್ನು ಕೊರೆಯತೊಡಗಿತು. ಅಳತೆಯೂ ಅದನ್ನೇ ಹೇಳಿತು: 2,000 ಹರ್ಟ್ಜ್‌ನಲ್ಲಿ ಅನುರಣನ ಕಾಲ, ಅಂದರೆ ನಾದ ನಿಂತ ಮೇಲೆ ಅದರ ಅನುರಣನ ಅಡಗಲು ಹಿಡಿಯುವ ಹೊತ್ತು, 1 ಸೆಕೆಂಡಿನಿಂದ 0.6ಕ್ಕೆ ಇಳಿದಿತ್ತು, 125 ಹರ್ಟ್ಜ್‌ನಲ್ಲಿ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ತೆಳುವಾದ ಫೋಮ್ ಮೇಲಿನ ಸ್ವರಾಂಶಗಳನ್ನಷ್ಟೇ ನುಂಗಿ ಮಂದ್ರದ ಗದ್ದಲವನ್ನು ಹಾಗೆಯೇ ಬಿಡುವುದರಿಂದ ಕೋಣೆಯ ದನಿ ವಾಲಿಕೊಳ್ಳುತ್ತದೆ. ಇದಕ್ಕಿಂತ ನನ್ನನ್ನು ಕಾಡಿದ್ದು ಬೆಂಕಿಯ ಭಯ. ಅಗ್ನಿನಿರೋಧಕ ಸಂಸ್ಕಾರವಿಲ್ಲದ ಪಾಲಿಯುರೆಥೇನ್ ಫೋಮ್ ಬೇಗ ಹೊತ್ತಿಕೊಂಡು ವಿಷಕಾರಿ ಹೊಗೆ ಬಿಡುತ್ತದೆ. ನಾನು ಕೊಂಡ ಫೋಮ್‌ನ ಮೇಲೆ ಅಂಥ ಯಾವ ಗುರುತೂ ಇರಲಿಲ್ಲ, ಮಾರಿದವರಿಂದಲೂ ಉತ್ತರ ಬರಲಿಲ್ಲ. ತಿಂಗಳು ತುಂಬಿದೊಡನೆ ಎಲ್ಲವನ್ನೂ ಕಿತ್ತುಹಾಕಿದೆ.

ಎರಡನೆಯದು ಮನೆಯಲ್ಲೇ ಇದ್ದ ಕೌದಿಗಳು. ಅವ್ವ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ನಾಲ್ಕು ದಪ್ಪ ಕೌದಿಗಳನ್ನು ಗೋಡೆಯಿಂದ ನಾಲ್ಕು ಅಂಗುಲ ದೂರದಲ್ಲಿ, ನೆರಿಗೆ ಬರುವಂತೆ ಬಿದಿರಿನ ಕೋಲಿಗೆ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರ ಪ್ರತಿಧ್ವನಿಯನ್ನು ಸರಿಪಡಿಸಲು ಹೊರಟ ವ್ಯಾಲೇಸ್ ಸೇಬೈನ್ ಹತ್ತಿರದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದಿರಿಸಿ, ಆರ್ಗನ್ ಕೊಳವೆಯ ನಾದ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ಅಳೆದಿದ್ದರು. ಕೋಣೆಯ ಗಾತ್ರಕ್ಕೂ ಹೀರುವ ಮೇಲ್ಮೈಗೂ ಅನುರಣನ ಕಾಲಕ್ಕೂ ಇರುವ ಸಂಬಂಧದ ಸೂತ್ರ ಅಂಥ ಪ್ರಯೋಗಗಳಿಂದಲೇ ಹುಟ್ಟಿತು. ಹೀಗಾಗಿ ಕೌದಿ ತೂಗುಹಾಕುವುದನ್ನು ಬಡವರ ಉಪಾಯವೆಂದು ನಾನು ಕಡೆಗಣಿಸಲಾರೆ. ಮಧ್ಯ ಸ್ಥಾಯಿಯಲ್ಲಿ ಇವು ಫೋಮ್‌ಗೆ ಸರಿಸಮವಾಗಿ ನಿಂತವು. ಆದರೆ ಸುಮಾರು 250 ಹರ್ಟ್ಜ್‌ಗಿಂತ ಕೆಳಗೆ ಇವುಗಳಿಂದಲೂ ಏನೂ ಆಗಲಿಲ್ಲ.

ಮೂರನೆಯದಾದ ರಾಕ್‌ವೂಲ್‌ಗೆ, ಅಂದರೆ ಕಲ್ಲನ್ನು ಕರಗಿಸಿ ಎಳೆ ತೆಗೆದು ಮಾಡಿದ ಉಣ್ಣೆಯಂಥ ವಸ್ತುವಿಗೆ, ಹೆಚ್ಚು ಶ್ರಮವೂ ಹಣವೂ ಬೇಕಾಯಿತು. ಘನಮೀಟರಿಗೆ 48 ಕೆಜಿ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ ಹಲಗೆಗಳನ್ನು ಎರಡೆರಡಾಗಿ ಜೋಡಿಸಿ, ನಾಲ್ಕು ಅಡಿ ಉದ್ದ ಎರಡು ಅಡಿ ಅಗಲದ ಮರದ ಚೌಕಟ್ಟಿನಲ್ಲಿ ಕೂರಿಸಿ ಎಂಟು ಫಲಕಗಳನ್ನು ಮಾಡಿಸಿದೆ. ಬಡಗಿಯ ಕೂಲಿಯೂ ಸೇರಿ ಸುಮಾರು 14,000 ರೂಪಾಯಿ ಆಯಿತು. ಇದರ ಎಳೆಗಳು ಚರ್ಮಕ್ಕೆ ತಾಗಿದರೆ ವಿಪರೀತ ತುರಿಕೆಯಾಗುವುದರಿಂದ ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬಾರದು. ಮೊದಲು ತೆಳುವಾದ ನಾನ್‌ವೋವನ್ ಬಟ್ಟೆ ಸುತ್ತಿ, ಅದರ ಮೇಲೆ ಖಾದಿ ಬಿಗಿದೆವು. ಬಾಯಿಟ್ಟು ಊದಿದರೆ ಉಸಿರು ಆಚೆ ದಾಟುವ ಬಟ್ಟೆಯೇ ಆಗಬೇಕು, ಇಲ್ಲವಾದರೆ ಶಬ್ದ ಒಳಹೋಗದೆ ಹಿಂತಿರುಗುತ್ತದೆ. ನಾಲ್ಕು ಫಲಕಗಳನ್ನು ಸ್ಪೀಕರ್‌ಗಳ ಹಿಂದಿನ ಎರಡು ಮೂಲೆಗಳಿಗೆ ಅಡ್ಡಲಾಗಿ ಒಂದರ ಮೇಲೊಂದು ನಿಲ್ಲಿಸಿದೆ, ಎರಡನ್ನು ಹಿಂದಿನ ಗೋಡೆಗೆ ಕೊಟ್ಟೆ. ಉಳಿದೆರಡರ ಜಾಗವನ್ನು ಕನ್ನಡಿಯಿಂದ ಕಂಡುಕೊಂಡೆ: ಮಗಳು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿಯನ್ನು ಸರಿಸುತ್ತ ಹೋದಂತೆ, ಕುರ್ಚಿಯಲ್ಲಿ ಕುಳಿತ ನನಗೆ ಆ ಬದಿಯ ಸ್ಪೀಕರ್ ಎಲ್ಲಿ ಕಂಡಿತೋ ಮೊದಲ ಪ್ರತಿಫಲನದ ಜಾಗ ಅದೇ.

ಫಲಿತಾಂಶದಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. 125 ಹರ್ಟ್ಜ್‌ನಲ್ಲೂ 2,000ದಲ್ಲೂ ಅನುರಣನ ಕಾಲ 0.6 ಸೆಕೆಂಡಿನ ಆಸುಪಾಸಿಗೆ ಬಂದು, ಕೋಣೆ ಮೊದಲ ಬಾರಿಗೆ ಎಲ್ಲ ಸ್ಥಾಯಿಗಳಲ್ಲಿ ಒಂದೇ ಹದಕ್ಕೆ ತಲುಪಿತು. 80ರ ಉಬ್ಬು ಗಣನೀಯವಾಗಿ ಇಳಿದು, ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸುವಾಗಿನ ಮೀಂಡ್ ಏರಿಳಿಯುವುದು ಎಳೆ ತಪ್ಪದೆ ಕೇಳಿಸಿತು. ಜವಾರಿಯ ಹೊಳಪೂ ಉಳಿಯಿತು.

ಆದರೂ 40 ಹರ್ಟ್ಜ್‌ನ ನಾದ ಅಡಗಲು ಈಗಲೂ ಹೆಚ್ಚು ಹೊತ್ತು ಬೇಕಾಗುತ್ತದೆ. ಆ ತರಂಗಾಂತರದ ಕಾಲು ಭಾಗವೇ ಸುಮಾರು ಏಳು ಅಡಿ. ಗಾಳಿಯ ಕಣಗಳ ಚಲನೆ ಅತಿ ಹೆಚ್ಚಾಗಿರುವುದು ಗೋಡೆಯಿಂದ ಅಷ್ಟು ದೂರದಲ್ಲಾದ್ದರಿಂದ, ಮೂಲೆಯಲ್ಲಿ ನಿಂತ ನಾಲ್ಕು ಅಂಗುಲದ ಫಲಕ ಅದನ್ನು ಹಿಡಿಯಲಾರದು. ಬಾಡಿಗೆ ಮನೆಯವರಿಗೆ, ಗೋಡೆಗೆ ಮೊಳೆ ಹೊಡೆಯಲಾಗದವರಿಗೆ ನಾನು ಕೌದಿಯನ್ನೂ ಕುರ್ಚಿಯ ಸ್ಥಾನಪಲ್ಲಟವನ್ನೂ ಹೇಳುತ್ತೇನೆ, ಸ್ವಂತ ಕೋಣೆಯಿದ್ದವರಿಗೆ ರಾಕ್‌ವೂಲ್ ಬಿಟ್ಟು ಬೇರೆಯದನ್ನು ಹೇಳಲಾರೆ. ನಮ್ಮಲ್ಲಿ ಕೌದಿಗಳಲ್ಲೊಂದು ಕಿಟಕಿಯ ಗಾಜಿನ ಮುಂದೆ ಇನ್ನೂ ತೂಗುತ್ತಿದೆ. ಅಲ್ಲಿ ಫಲಕ ನಿಲ್ಲಿಸಿದರೆ ಬೆಳಕು ಬೇಕೆಂದಾಗ ಸರಿಸಲು ಬರುವುದಿಲ್ಲ.